ಪದದ ಪ್ರಯೋಗ, ಪದದ ಉಲ್ಲೇಖ

ಮೈಸೂರು ಸುಂದರವಾದ ಊರು ಎಂದಾಗ ನಮ್ಮ ಮನಸ್ಸು ಚಾಮುಂಡಿಬೆಟ್ಟದ ತಪ್ಪಲಿನ ಆ ನಗರದ ಕಡೆಗೆ ಹೋಗುತ್ತದೆ. ಮೈಸೂರು ಎಂಬುದರಲ್ಲಿ ಮೂರು ಅಕ್ಷರಗಳಿವೆ ಎಂದಾಗ ಅದು ನಗರವನ್ನು ಬಿಟ್ಟು ಹೆಸರಿನ ಮೇಲೆ ನಿಲ್ಲುತ್ತದೆ. ಮೊದಲನೆಯದು ಪದದ ಪ್ರಯೋಗ, ಎರಡನೆಯದು ಪದದ ಉಲ್ಲೇಖ. ಅಮೆರಿಕದ ತರ್ಕಶಾಸ್ತ್ರಜ್ಞ ಕ್ವೈನ್ 1940ರಲ್ಲಿ ಪ್ರಕಟವಾದ ತಮ್ಮ ಗಣಿತತರ್ಕದ ಗ್ರಂಥದಲ್ಲಿ ಈ ಭೇದವನ್ನು ಬಹು ಎಚ್ಚರಿಕೆಯಿಂದ ಪ್ರತಿಪಾದಿಸಿ, ಇದನ್ನು ಮರೆತವರು ಎಂಥ ಗೊಂದಲಗಳಿಗೆ ಸಿಕ್ಕಿಬೀಳುತ್ತಾರೆಂಬುದನ್ನು ತೋರಿಸಿಕೊಟ್ಟರು. ನಮ್ಮ ವೈಯಾಕರಣರಿಗೆ ಇದು ಹೊಸದಾಗಿರಲಿಲ್ಲ. ಲೋಕವ್ಯವಹಾರದಲ್ಲಿ ಅಗ್ನಿಯನ್ನು ತಾ ಎಂದರೆ ಕೆಂಡವನ್ನು ತರುತ್ತಾರೆ. ಆದರೆ ಅಗ್ನಿಗೆ ಇಂಥ ಪ್ರತ್ಯಯ ಬರುತ್ತದೆ ಎಂದು ಶಾಸ್ತ್ರವು ವಿಧಿಸಿದರೆ ಪ್ರತ್ಯಯವನ್ನು ಕೆಂಡಕ್ಕೆ ಹಚ್ಚಲಾದೀತೆ? ಆದುದರಿಂದಲೇ ಪಾಣಿನಿಯು ಶಾಸ್ತ್ರದಲ್ಲಿ ಬಂದ ಶಬ್ದವು, ಅದು ಪಾರಿಭಾಷಿಕ ಸಂಜ್ಞೆಯಲ್ಲದಿದ್ದರೆ, ತನ್ನ ಸ್ವರೂಪವನ್ನೇ ಬೋಧಿಸುತ್ತದೆಂದು ಅಷ್ಟಾಧ್ಯಾಯಿಯ ಮೊದಲನೆಯ ಪಾದದಲ್ಲಿಯೇ ಕಟ್ಟುಮಾಡಿದನು.

ಇದು ಪಂಡಿತರ ಸೂಕ್ಷ್ಮವೆಂದು ತೋರಬಹುದು. ಆದರೆ ಒಂದು ವಿಶ್ವಕೋಶದ ಸಂಪಾದಕನ ಮುಂದೆ ಒಂದು ಜನಾಂಗವನ್ನು ಹೀಯಾಳಿಸುವ ಬೈಗುಳವು ಲೇಖನದ ವಿಷಯವಾಗಿ ಬಂದು ನಿಂತಾಗ, ಈ ಸೂಕ್ಷ್ಮವೇ ಅವನ ಕೈಯ ಮೊದಲ ಉಪಕರಣವಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಇಂಗ್ಲಿಷಿನಲ್ಲಿ ಮೆಕ್ಸಿಕೋ ದೇಶೀಯರ ಮೇಲೆ ಎಸೆಯುತ್ತ ಬಂದ 'ವೆಟ್‌ಬ್ಯಾಕ್', ಎಂದರೆ ಬೆನ್ನು ತೊಯ್ದವನು ಎಂಬ ಮಾತನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಟೆಕ್ಸಸ್ ಪ್ರಾಂತಕ್ಕೂ ಮೆಕ್ಸಿಕೋಗೂ ಗಡಿಯಾಗಿ ಹರಿಯುವ ರಿಯೊ ಗ್ರಾಂಡೆ ನದಿಯನ್ನು ರಹದಾರಿಯಿಲ್ಲದೆ ಈಜಿಯೋ ಹಾಯ್ದೋ ದಾಟಿ ಬಂದ ಕೂಲಿಗಾರನನ್ನು ಕುರಿತು ಹುಟ್ಟಿದ ಮಾತು ಇದು. ಆ ನದಿಯ ಪಶ್ಚಿಮಕ್ಕೆ ಗಡಿಯು ಬಹುಮಟ್ಟಿಗೆ ಮರುಭೂಮಿಯ ಮೇಲೆ ಹಾದುಹೋಗುತ್ತದೆ. ಅಲ್ಲಿ ಬೆನ್ನು ತೊಯ್ಯುವುದಿರಲಿ, ನಾಲಗೆ ತೊಯ್ಯುವಷ್ಟು ನೀರೂ ದುರ್ಲಭ. ಆದರೂ ಆ ದಾರಿಯಾಗಿ ಬಂದವರಿಗೂ, ಅಮೆರಿಕದ ನೆಲದಲ್ಲಿಯೇ ಹುಟ್ಟಿ ಅಲ್ಲಿಯ ಪೌರತ್ವವನ್ನು ಪಡೆದಿದ್ದ ಮೆಕ್ಸಿಕೋ ಮೂಲದವರಿಗೂ ಅದೇ ಹೆಸರು ಅಂಟಿಕೊಂಡಿತು.

ಬೈಗುಳವು ಕೆಲಸ ಮಾಡುವ ಬಗೆಯನ್ನು ಇಂಗ್ಲೆಂಡಿನ ದಾರ್ಶನಿಕ ಮೈಕೆಲ್ ಡಮೆಟ್ 1973ರ ತಮ್ಮ ಗ್ರಂಥವೊಂದರಲ್ಲಿ ಚೆನ್ನಾಗಿ ಬಿಡಿಸಿದ್ದಾರೆ. ಜರ್ಮನರನ್ನು ಕುರಿತ 'ಬೋಷ್' ಎಂಬ ನಿಂದಾಪದ ಅವರ ಉದಾಹರಣೆ. ಒಬ್ಬನಿಗೆ ಆ ಹೆಸರನ್ನು ಅನ್ವಯಿಸಲು ಅವನು ಜರ್ಮನನಾಗಿದ್ದರೆ ಸಾಕು. ಅನ್ವಯಿಸಿದಮೇಲೆ ಅವನು ಇತರರಿಗಿಂತ ಕ್ರೂರನೂ ಅಸಂಸ್ಕೃತನೂ ಎಂಬ ನಿಗಮನವು ತಾನಾಗಿ ಹಿಂದೆ ಬರುತ್ತದೆ. ಹೇತು ಬೇರೆ, ಫಲ ಬೇರೆ. ಎರಡಕ್ಕೂ ನಡುವೆ ಇರಬೇಕಾದ ಪ್ರಮಾಣವನ್ನು ಯಾರೂ ಕೇಳದಂತೆ ಪದವು ಅವೆರಡನ್ನೂ ಗಂಟುಹಾಕಿಬಿಟ್ಟಿದೆ. ಯಾರು ಆ ಪದವನ್ನು ಪ್ರಯೋಗಿಸುವರೋ ಅವರು ಆ ಅನುಮಾನವನ್ನು ಒಪ್ಪಿದಂತೆಯೇ ಸರಿ. ವಾಕ್ಯವನ್ನು ನಿಷೇಧರೂಪಕ್ಕೆ ತಿರುಗಿಸಿದರೂ ಗಂಟು ಬಿಚ್ಚುವುದಿಲ್ಲ: ಇಂಥವನು ಅಂಥವನಲ್ಲ ಎಂದು ಆ ಪದದಿಂದಲೇ ಹೇಳಿದರೆ ಆ ಒಬ್ಬನಿಗೆ ಮಾತ್ರ ಬಿಡುಗಡೆ, ಜನಾಂಗದ ಮೇಲಿನ ನಿಂದೆ ಇದ್ದ ಹಾಗೆಯೇ ಇರುತ್ತದೆ.

ಹೀಗಿರುವಲ್ಲಿ ವಿಶ್ವಕೋಶವು ಅನುಸರಿಸಬೇಕಾದ ಮಾರ್ಗವು ಅರ್ಧಮಟ್ಟಿಗೆ ಸ್ಪಷ್ಟವಾಗುತ್ತದೆ. ವೆಟ್‌ಬ್ಯಾಕ್ ಎಂದರೆ ಅಕ್ರಮವಾಗಿ ಗಡಿ ದಾಟಿದ ಮೆಕ್ಸಿಕೋದವನು ಎಂದು ಬರೆದು, ಈ ಪದವನ್ನು ಕೆಲವರು ಆಕ್ಷೇಪಿಸುತ್ತಾರೆ ಎಂದು ಕೊನೆಯಲ್ಲಿ ಒಂದು ಬಾಲವನ್ನು ಅಂಟಿಸಿದರೆ, ಅದು ಉಲ್ಲೇಖದ ವೇಷವನ್ನು ತೊಟ್ಟ ಪ್ರಯೋಗವೇ ಆಗುತ್ತದೆ. ಏಕೆಂದರೆ ಆ ವಾಕ್ಯವು ಲೋಕದಲ್ಲಿ ಅಂಥದೊಂದು ಬಗೆಯ ಮನುಷ್ಯನಿದ್ದಾನೆಂದೂ ಇದು ಅವನ ಹೆಸರೆಂದೂ ಒಪ್ಪಿಕೊಂಡು ಹೊರಡುತ್ತದೆ. ಇಂಥವರು ಇಂಥವರನ್ನು ಹೀಗಳೆಯಲು ಆಡುತ್ತಿದ್ದ ಮಾತು ಇದು ಎಂದು ತೊಡಗಿದರೆ ಲೇಖನದ ವಿಷಯವು ಪದವಾಗುತ್ತದೆ, ಪದವನ್ನು ಆಡಿದವರ ಚರಿತ್ರೆಯಾಗುತ್ತದೆ. ಮೆಕ್ಸಿಕೋ ಜನರನ್ನು ಕುರಿತ ಲೇಖನದಲ್ಲಿ ಇದಕ್ಕೆ ಪರ್ಯಾಯನಾಮವೆಂಬ ಸ್ಥಾನವಿಲ್ಲ. ಅಮೆರಿಕದ ಕೂಲಿನೀತಿಯನ್ನು ಕುರಿತ ಲೇಖನದಲ್ಲಿ ನಿಶ್ಚಯವಾಗಿ ಸ್ಥಾನವಿದೆ.

ಆ ಚರಿತ್ರೆ ಬರೆಯುವಷ್ಟು ದೊಡ್ಡದು. 1942ರಿಂದ 1964ರವರೆಗೆ ಅಮೆರಿಕದ ಸರ್ಕಾರವು ಮೆಕ್ಸಿಕೋದೊಡನೆ ಒಪ್ಪಂದ ಮಾಡಿಕೊಂಡು, 'ಬ್ರಸೆರೊ' ಎಂಬ ಯೋಜನೆಯ ಮೂಲಕ ಹೊಲಗಳಿಗೆ ಕೂಲಿಗಳನ್ನು ಕರೆಸಿಕೊಳ್ಳುತ್ತಿತ್ತು. ಆ ಅವಧಿಯಲ್ಲಿ ಸುಮಾರು 46 ಲಕ್ಷ ಕರಾರುಗಳಾದುವು. ರಹದಾರಿಯಿಲ್ಲದೆ ಬಂದಿದ್ದವರನ್ನು ಹಿಡಿದು, ಕಾಗದಪತ್ರಗಳನ್ನು ಕೊಟ್ಟು, ಸಕ್ರಮ ಕೂಲಿಗಳನ್ನಾಗಿ ಮಾಡಿ ಮರಳಿ ಹೊಲಕ್ಕೆ ಕಳುಹಿಸುವ ಪದ್ಧತಿಯೂ ಇತ್ತು. ಇದಕ್ಕೆ ಅಧಿಕಾರಿಗಳು ಇಟ್ಟಿದ್ದ ಹೆಸರು 'ಒಣಗಿಸುವುದು'! ಬೆನ್ನು ತೊಯ್ದವನನ್ನು ಒಣಗಿಸುವುದೆಂಬ ಈ ವಿನೋದವು ಕಚೇರಿಯ ಪರಿಭಾಷೆಯಾಗಿ ನಿಂತಿತೆಂದರೆ ಬೈಗುಳವು ಅಲ್ಲಿ ಎಷ್ಟು ಆಳಕ್ಕೆ ಬೇರುಬಿಟ್ಟಿತ್ತೆಂಬುದನ್ನು ಊಹಿಸಬಹುದು. 1951ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ವಲಸೆಕೂಲಿಗಳ ಆಯೋಗದ ವರದಿಯಲ್ಲಿಯೂ ಆ ಪದವು ನಿಸ್ಸಂಕೋಚವಾಗಿ ಬಂದಿತು. 1954ರ ಜೂನ್ ತಿಂಗಳಲ್ಲಿ ನಿವೃತ್ತ ಸೇನಾಪತಿ ಜೋಸೆಫ್ ಸ್ವಿಂಗ್ ಅವರ ನೇತೃತ್ವದಲ್ಲಿ ವಲಸೆ ಇಲಾಖೆಯು ಹೊಲ, ಕಾರ್ಖಾನೆ, ಬೀದಿಗಳಲ್ಲಿ ಜನರನ್ನು ಹಿಡಿದು ಗಡಿಯಾಚೆಗೆ ಸಾಗಿಸುವ ದೊಡ್ಡ ಕಾರ್ಯಾಚರಣೆಯನ್ನು ಕೈಕೊಂಡಾಗ ಅದಕ್ಕೆ ಇಟ್ಟ ಅಧಿಕೃತ ನಾಮಧೇಯವೇ 'ಆಪರೇಷನ್ ವೆಟ್‌ಬ್ಯಾಕ್'. ಹತ್ತು ಲಕ್ಷಕ್ಕೂ ಮೀರಿ ಜನರನ್ನು ಹೊರಹಾಕಿದೆವೆಂದು ಇಲಾಖೆಯು ಹೇಳಿಕೊಂಡಿತು; ಆ ಲೆಕ್ಕವನ್ನು ಇತಿಹಾಸಕಾರರು ಪೂರ್ತಿಯಾಗಿ ನಂಬುವುದಿಲ್ಲ. ಕೆಲವರನ್ನು ಟೆಕ್ಸಸಿನ ಪೋರ್ಟ್ ಇಸಬೆಲ್ ರೇವಿನಿಂದ ಹಡಗುಗಳಲ್ಲಿ ತುಂಬಿ ದೂರದ ವೆರಾಕ್ರೂಸಿಗೆ ಕಳುಹಿಸುತ್ತಿದ್ದರು. 1956ರಲ್ಲಿ 'ಮೆರ್ಕುರಿಯೊ' ಎಂಬ ಹಡಗಿನಿಂದ ನೀರಿಗೆ ಹಾರಿದವರಲ್ಲಿ ಕೆಲವರು ಮುಳುಗಿ ಸತ್ತರು. ಡಮೆಟ್ ವಿವರಿಸಿದ ಅನುಮಾನವು ಇಲ್ಲಿ ಕಾಗದವನ್ನು ಬಿಟ್ಟು ಲಾರಿ, ರೈಲು, ಹಡಗುಗಳನ್ನು ಏರಿತು.

ಈ ಕಥೆಯಲ್ಲಿ ಸಂಪಾದಕನಿಗೆ ಅನುಕೂಲವಾಗದ ಸಂಗತಿಗಳೂ ಉಂಟು. ಎರಡನೆಯ ಮಹಾಯುದ್ಧದಿಂದ ಮರಳಿದ ಮೆಕ್ಸಿಕೋ ಮೂಲದ ಯೋಧರು ಕಟ್ಟಿದ ಅಮೆರಿಕನ್ ಜಿ.ಐ. ಫೋರಂ ಎಂಬ ಸಂಸ್ಥೆಯೂ ಸೇರಿ ಆ ದಶಕದ ಆದಿಭಾಗದಲ್ಲಿ ಹೊರತಂದ ಒಂದು ಕಿರುಹೊತ್ತಗೆಯ ಶೀರ್ಷಿಕೆಯಲ್ಲಿಯೇ ಆ ಪದವಿತ್ತು. ನದಿ ದಾಟಿ ಬಂದವರಿಂದ ತಮ್ಮ ಕೂಲಿಯ ದರ ಇಳಿಯುತ್ತದೆಂಬುದು ಅವರ ಅಳಲು. ಇನ್ನೊಂದೆಡೆ ಅದರ ಸ್ಪ್ಯಾನಿಷ್ ಪ್ರತಿರೂಪವಾದ 'ಮೊಹಾದೊ' ಎಂಬುದನ್ನು ವಲಸೆಗಾರರು ತಾವೇ ಹೊತ್ತುಕೊಂಡು ಹಾಡಿದ್ದಾರೆ. ಲೋಸ್ ತಿಗ್ರೆಸ್ ದೆಲ್ ನೋರ್ತೆ ವಾದ್ಯವೃಂದದ ಪ್ರಸಿದ್ಧ ಗೀತವೊಂದರಲ್ಲಿ ಎಲ್ ಸಾಲ್ವಡಾರಿನಿಂದ ಹೊರಟವನೊಬ್ಬನು ಮೂರು ಗಡಿಗಳನ್ನು ದಾಟಿದ ತಾನು ಮೂರು ಸಲ ತೊಯ್ದವನೆಂದು ಹೇಳಿಕೊಳ್ಳುತ್ತಾನೆ. ಬಾಯಿ ಬದಲಾದರೆ ಪದದ ವ್ಯಾಪಾರವೂ ಬದಲಾಗುತ್ತದೆ. ವಿಶ್ವಕೋಶವು ಇವೆರಡನ್ನೂ ದಾಖಲಿಸತಕ್ಕದ್ದು; ನಿಂದಿತರ ಪಕ್ಷವನ್ನು ವಹಿಸುವ ಸದಾಶಯದಿಂದ ಒಂದನ್ನು ಬಿಟ್ಟರೂ ಅದು ಪಕ್ಷಪಾತವೇ.

ಇನ್ನು ಉದ್ಧರಣಚಿಹ್ನೆಗಳ ವಿಚಾರ. ತರ್ಕದ ದೃಷ್ಟಿಯಿಂದ ಆ ಎರಡು ಗೆರೆಗಳೊಳಗೆ ಕುಳಿತ ಪದವು ನಿರ್ವಿಷವಾಗಿರಬೇಕು. ಆಂಡರ್ಸನ್ ಮತ್ತು ಲೆಪೋರ್ ಎಂಬ ದಾರ್ಶನಿಕರು 2013ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಒಪ್ಪುವುದಿಲ್ಲ: ಬೈಗುಳವು ನೋಯಿಸುವುದು ತನ್ನ ಅರ್ಥದ ಬಲದಿಂದಲ್ಲ, ಅದು ನಿಷಿದ್ಧವಾದ ಮಾತಾಗಿರುವುದರಿಂದ, ಆದುದರಿಂದ ಉದ್ಧರಿಸಿದರೂ ನಿಷೇಧವನ್ನು ಮೀರಿದಂತೆಯೇ ಎಂಬುದು ಅವರ ವಾದ. ನನಗೆ ಈ ವಾದವು ಅತಿಯಾಯಿತೆಂದು ತೋರುತ್ತದೆ. ಇದನ್ನು ಪೂರ್ತಿಯಾಗಿ ಹಿಡಿದರೆ ನ್ಯಾಯಾಲಯವು ಸಾಕ್ಷ್ಯವನ್ನೂ ಇತಿಹಾಸಕಾರನು ಕಡತವನ್ನೂ ಓದುವಂತಿಲ್ಲ. ಆದರೆ ಇದರಲ್ಲಿ ಒಂದಂಶ ನಿಜವಿದೆ: ಆ ಪದವನ್ನು ಬಾಲ್ಯದಲ್ಲಿ ಶಾಲೆಯ ಅಂಗಳದಲ್ಲಿ ಕೇಳಿಸಿಕೊಂಡವನ ಕಿವಿಗೆ ಉದ್ಧರಣಚಿಹ್ನೆ ಕೇಳಿಸುವುದಿಲ್ಲ. ಆದುದರಿಂದ ಉಲ್ಲೇಖಕ್ಕೂ ಮಿತಿ ಬೇಕು. ಯಾವ ಪದವನ್ನು ಕುರಿತು ಹೇಳುತ್ತಿದ್ದೇವೆಂಬುದು ತಿಳಿಯಲು ಒಮ್ಮೆ, ದಾಖಲೆಯ ಹೆಸರಿನೊಳಗೆ ಅದು ಇರುವಲ್ಲಿ ಮತ್ತೊಮ್ಮೆ. ಉಳಿದೆಡೆ 'ಆ ಪದ' ಎಂದರೆ ಸಾಕು.

ಇಲ್ಲಿ ಕೋಮಲಹೃದಯದ ಸಂಪಾದಕನೊಬ್ಬನು, 1954ರ ಕಾರ್ಯಾಚರಣೆಯ ಹೆಸರನ್ನೂ ಏಕೆ ಕೈಬಿಡಬಾರದು, ಗಡಿಪಾರಿನ ಅಭಿಯಾನವೆಂದರೆ ಸಾಲದೆ ಎಂದು ಕೇಳಬಹುದು. ಸಾಲದು. ಆ ಹೆಸರನ್ನು ಅಳಿಸಿದರೆ ಮರ್ಯಾದೆ ಉಳಿಯುವುದು ನಿಂದಿತರದಲ್ಲ, ಹೆಸರಿಟ್ಟ ಸರ್ಕಾರದ್ದು. ಇದಕ್ಕಿಂತ ಸುಮಾರು ನೂರು ವರ್ಷ ಹಿಂದೆ, 1855ರಲ್ಲಿ, ಕ್ಯಾಲಿಫೋರ್ನಿಯಾ ಪ್ರಾಂತವು ಅಲೆಮಾರಿತನದ ವಿರುದ್ಧ ಮಾಡಿದ ಶಾಸನದ ಒಕ್ಕಣೆಯಲ್ಲಿಯೇ ಮೆಕ್ಸಿಕೋ ಜನರನ್ನು ಕುರಿತ 'ಗ್ರೀಸರ್', ಎಂದರೆ ಜಿಡ್ಡಿನವನು ಎಂಬ ಇನ್ನೊಂದು ಬೈಗುಳವು ಅಚ್ಚಾಗಿತ್ತು. ಮರುವರ್ಷ ಶಾಸನಸಭೆಯು ತಿದ್ದುಪಡಿ ಮಾಡಿ ಆ ಪದವನ್ನು ತೆಗೆದುಹಾಕಿತು. ಶಾಸನವನ್ನು ಮಾತ್ರ ಉಳಿಸಿಕೊಂಡಿತು.