ದನಿ ಬೇಕು, ಮುಖ ಬೇಡ

ಒಬ್ಬರ ದನಿಯನ್ನು ಒಳಗೆ ಕರೆದು, ಮುಖವನ್ನು ಬಾಗಿಲಾಚೆಯೇ ನಿಲ್ಲಿಸಿದರೆ ಅದು ಒಪ್ಪಿಗೆಯೇ? ಹಿಪ್‌ಹಾಪ್ ಕೇಳುವಾಗ ನನ್ನನ್ನು ಕಾಡುವ ಪ್ರಶ್ನೆ ಇದು.

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 'ಬೌನ್ಸ್' ಎಂಬ ಹಿಪ್‌ಹಾಪ್ ಪ್ರಕಾರವಿದೆ. ವೇಗದ ತಾಳ, ಹಾಡುವವರು ಕೂಗಿದ್ದಕ್ಕೆ ಸೇರಿದವರೆಲ್ಲ ಮರುಕೂಗುತ್ತಾರೆ. 1990ರ ದಶಕದ ಕೊನೆಗೆ ಕೇಟಿ ರೆಡ್ ಎಂಬ ಟ್ರಾನ್ಸ್ ಮಹಿಳೆ ಅಲ್ಲಿ ಮೈಕ್ ಹಿಡಿದರು. ಅವರ ಹಿಂದೆ ಕುಣಿಯುತ್ತಿದ್ದ ಬಿಗ್ ಫ್ರೀಡಿಯಾ ಮುಂದೆ ಬೌನ್ಸ್‌ನ ದೊಡ್ಡ ಹೆಸರಾದರು. ತಾನು ಕ್ವಿಯರ್ ಎಂಬುದನ್ನು ಫ್ರೀಡಿಯಾ ಎಂದೂ ಮುಚ್ಚಿಟ್ಟವರಲ್ಲ. 2016ರಲ್ಲಿ ಬಿಯಾನ್ಸೆಯ 'ಫಾರ್ಮೇಶನ್' ಹಾಡಿನಲ್ಲಿ ಅವರ ದನಿ ಬಂತು, ವಿಡಿಯೋದಲ್ಲಿ ಮುಖ ಬರಲಿಲ್ಲ. 2018ರಲ್ಲಿ ಡ್ರೇಕ್‌ನ 'ನೈಸ್ ಫಾರ್ ವಾಟ್'ನಲ್ಲೂ ಅದೇ ಆಯಿತು. ಅದೇ ವರ್ಷ ಡ್ರೇಕ್‌ನ 'ಇನ್ ಮೈ ಫೀಲಿಂಗ್ಸ್' ವಿಡಿಯೋದಲ್ಲಿ ಫ್ರೀಡಿಯಾ ಕಾಣಿಸಿಕೊಂಡರು. ಆಕಾಶವೇನೂ ಕಳಚಿ ಬೀಳಲಿಲ್ಲ.

ದನಿಗೆ ಸಂಭಾವನೆ ಕೊಟ್ಟರಾಯಿತು, ಮುಖ ತೋರಿಸಲೇಬೇಕೆಂದು ಕರಾರಿದೆಯೇ ಎಂದು ಕೇಳಬಹುದು. ಕರಾರಿನ ಮಟ್ಟಿಗೆ ಸರಿ. ಆದರೆ ಆ ದನಿಗೆ ಕುಣಿದವನು ಅದು ಯಾರದೆಂದು ತಿಳಿಯದೆಯೇ ಮನೆಗೆ ಹೋಗುತ್ತಾನೆ. ಅವನ ಪೂರ್ವಗ್ರಹಕ್ಕೆ ಒಂದು ಗೀರೂ ಬೀಳುವುದಿಲ್ಲ.

1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಈ ಸಂಸ್ಕೃತಿಗೆ ತನ್ನದೇ ಒಂದು ನೀತಿಯಿದೆ: ನಿನ್ನ ಬದುಕನ್ನು ನೀನೇ ಹೇಳು, ಇಲ್ಲದ್ದನ್ನು ನಟಿಸಬೇಡ. ಇಷ್ಟು ಹೇಳಿದ ಮೇಲೆ ಕ್ವಿಯರ್ ರ‍್ಯಾಪರ್‌ಗೆ ಮಾತ್ರ 'ಅದೊಂದನ್ನು ಬಚ್ಚಿಡು' ಎನ್ನುವುದು ಹೇಗೆ? ಬಡತನ, ಪೊಲೀಸರು, ಬಂದೂಕುಗಳ ನಡುವೆ ಬೆಳೆದ ಹುಡುಗರಿಗೆ ಗಂಡಸುತನ ಒಂದು ಕವಚವಾಗಿತ್ತು, ದೂರದಲ್ಲಿ ಕೂತ ನಾವು ಸುಲಭವಾಗಿ ತೀರ್ಪು ಕೊಡಬಾರದು ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಕವಚದ ಮುಳ್ಳು ಚುಚ್ಚಿದ್ದು ಸ್ವಂತ ಮನೆಯವರನ್ನೇ. 2017ರಲ್ಲಿ ಜೇ-ಝೀ ತನ್ನ ತಾಯಿ ಸಲಿಂಗಪ್ರೇಮಿ ಎಂಬುದನ್ನು 'ಸ್ಮೈಲ್' ಹಾಡಿನಲ್ಲಿ ಪ್ರೀತಿಯಿಂದ ಹೇಳಿದ. ಆ ತಾಯಿ ಅಷ್ಟು ವರ್ಷ ಅದನ್ನು ಒಳಗಿಟ್ಟುಕೊಂಡೇ ಮಕ್ಕಳನ್ನು ಸಾಕಿದ್ದರು.

2019ರ ಜೂನ್ ಕೊನೆಯಲ್ಲಿ ಲಿಲ್ ನಾಸ್ ಎಕ್ಸ್ ತನ್ನ ವಿಷಯ ಬಹಿರಂಗಪಡಿಸಿದಾಗ, ಅವನ 'ಓಲ್ಡ್ ಟೌನ್ ರೋಡ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿತ್ತು. ಧೈರ್ಯದ ಮಾತೇ, ಸಂಶಯವಿಲ್ಲ. ಆದರೆ ಗೆದ್ದವನಿಗೆ ಸಿಕ್ಕ ಜಾಗ, ನಾಲ್ಕೇ ಜನ ಕೇಳುವ ರ‍್ಯಾಪರ್‌ಗೂ ಸಿಗುತ್ತದೆಯೇ? ಉಪಯೋಗಕ್ಕೆ ಬರುವವರೆಗೆ ಮಾತ್ರ ಇರಬಹುದಾದ ಜಾಗ ಬಾಡಿಗೆ ಮನೆಯಂತೆ. ಪರಊರಿನಲ್ಲಿ ಬದುಕುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ: ಗೋಡೆಗೆ ಮೊಳೆ ಹೊಡೆಯುವ ಮುನ್ನವೂ ಮಾಲೀಕರ ಮುಖ ನೋಡಬೇಕು.

ನಮ್ಮ ಐಟಿ ಆಫೀಸುಗಳಲ್ಲೂ ಜೂನ್ ಬಂದರೆ ಲೋಗೋಗೆ ಕಾಮನಬಿಲ್ಲಿನ ಬಣ್ಣ ಬರುತ್ತದೆ. ರಿಲೀಸಿನ ರಾತ್ರಿ ಇಡೀ ತಂಡ ನೆಚ್ಚಿಕೊಳ್ಳುವ ಹುಡುಗನೊಬ್ಬ ಫ್ಯಾಮಿಲಿ ಡೇಗೆ ಪ್ರತಿ ಸಲ ರಜೆ ಹಾಕುತ್ತಾನೆ. ಜೊತೆಗಿರುವವನನ್ನು 'ರೂಮ್‌ಮೇಟ್' ಎನ್ನುತ್ತಾನೆ. ಅವನ ಕೆಲಸಕ್ಕೆ ಪೂರ್ತಿ ಅಂಕ ಕೊಡುವ ನಾವು, ಅವನು ಆ ಪದವನ್ನು ಯಾರ ಅಂಜಿಕೆಗೆ ಆರಿಸಿಕೊಂಡ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಅವನನ್ನಲ್ಲ, ಹೇಳುವುದೋ ಬಿಡುವುದೋ ಅವನ ಇಷ್ಟ. ಹೇಳಿದರೂ ಏನೂ ಕಳೆದುಕೊಳ್ಳುವುದಿಲ್ಲ ಎಂಬ ನಂಬಿಕೆ ಹುಟ್ಟಿಸುವುದು ಮಾತ್ರ ನಮ್ಮ ಪಾಲಿನ ಕೆಲಸ.