ವುಝೂವಿನ ನೀರು ಮತ್ತು ದೇಶದ ಕಾನೂನು

ಹರಿಯುವ ನದಿಯ ದಡದಲ್ಲಿ ಕುಳಿತು ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮದ್ರಸದ ಸಣ್ಣ ತರಗತಿಯ ಮಕ್ಕಳಿಗೂ ಇದು ಗೊತ್ತು. ಆದರೆ ಓದುಗರೇ, ಒಂದು ಪ್ರಶ್ನೆ ಕೇಳುತ್ತೇನೆ. ನೀವು ದಡದಲ್ಲಿ ಕುಳಿತು ಒಂದು ಬೊಗಸೆ ನೀರು ಉಳಿಸುತ್ತಿದ್ದೀರಿ. ಎರಡು ಮೈಲು ಮೇಲೆ ಒಂದು ಕಾರ್ಖಾನೆ ತನ್ನ ಕೊಳಚೆಯನ್ನು ಅದೇ ನದಿಗೆ ಬಿಡುತ್ತಿದೆ. ನಿಮ್ಮ ಕರ್ತವ್ಯ ಆ ಬೊಗಸೆ ನೀರಿಗೇ ಮುಗಿಯಿತೇ? ಅಥವಾ ನದಿಯನ್ನು ಕಾಯುವ ಕಾನೂನಿಗಾಗಿ ದನಿಯೆತ್ತುವುದೂ ಅದರಲ್ಲಿ ಸೇರಿದೆಯೇ?

"ಅದು ರಾಜಕೀಯ. ನಮ್ಮ ನಡತೆ ನಾವು ಸರಿಪಡಿಸಿಕೊಂಡರೆ ಸಾಕು" ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಮಾತಿನಲ್ಲಿ ಸತ್ಯದ ಅಂಶವಿಲ್ಲದಿಲ್ಲ. ತನ್ನ ಮನೆಯ ಕಸವನ್ನು ನೆರೆಯವನ ಬೇಲಿಯಾಚೆ ಎಸೆಯುವವನಿಗೆ ದೇಶದ ಕಾನೂನಿನ ಬಗ್ಗೆ ಮಾತನಾಡುವ ನೈತಿಕ ಹಕ್ಕಿಲ್ಲ. ಆದರೆ ವೈಯಕ್ತಿಕ ಎಚ್ಚರಕ್ಕೆ ಒಂದು ಮಿತಿಯಿದೆ. ನೀರು ಕೆಟ್ಟಿದೆಯೇ ಎಂದು ತಿಳಿಯಲು ಬಣ್ಣ, ರುಚಿ, ವಾಸನೆಗಳನ್ನು ನೋಡಬೇಕೆಂದು ಫಿಕ್‌ಹ್ ಪಾಠದಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಆರ್ಸೆನಿಕ್ ಬೆರೆತ ನೀರಿನಲ್ಲಿ ಈ ಮೂರೂ ಬದಲಾಗುವುದಿಲ್ಲ. ಎಷ್ಟೇ ಭಯಭಕ್ತಿಯುಳ್ಳ ತಾಯಿಯೂ ಅದನ್ನು ಕಣ್ಣಿನಿಂದ ಕಂಡು ಮಗುವಿನ ಲೋಟವನ್ನು ದೂರ ಸರಿಸಲಾರಳು. ಅದನ್ನು ಪ್ರಯೋಗಾಲಯವೇ ಕಾಣಬೇಕು. ಪ್ರಯೋಗಾಲಯ ಕಂಡದ್ದನ್ನು ತಡೆಯುವ ಅಧಿಕಾರ ಕಾನೂನಿಗೆ ಇರಬೇಕು.

ಇದು ನಮಗೆ ಹೊಸ ವಿಚಾರವೇನೂ ಅಲ್ಲ. ಮುಸ್ಲಿಮ್ ನಗರಗಳ ಮಾರುಕಟ್ಟೆಗಳಲ್ಲಿ ಹಿಂದೆ ಮುಹ್ತಸಿಬ್ ಎಂಬ ಅಧಿಕಾರಿಯಿರುತ್ತಿದ್ದನು. ತಕ್ಕಡಿ, ಅಳತೆ, ಕಲಬೆರಕೆಗಳನ್ನು ಪರಿಶೀಲಿಸುವುದು ಅವನ ಕೆಲಸ. ವರ್ತಕರು ಅಲ್ಲಾಹನನ್ನು ಭಯಪಡುವವರೇ ಆಗಿದ್ದರು. ಆದರೂ ತಕ್ಕಡಿಯನ್ನು ಅವರ ಭಯಭಕ್ತಿಗಷ್ಟೇ ಬಿಡಲಿಲ್ಲ. ಏಕೆಂದರೆ ಮೋಸದ ನಷ್ಟವನ್ನು ಹೊರುವವನು ಮಾರುವವನಲ್ಲ, ಕೊಳ್ಳುವವನು. ಕೊಳಚೆಯ ವಿಷಯದಲ್ಲೂ ಹಾಗೆಯೇ.

ನಮ್ಮ ದೇಶದ ಕಥೆಯನ್ನೇ ನೋಡಿ. ನೀರಿನ ಮಾಲಿನ್ಯ ತಡೆಯುವ ಕಾಯ್ದೆ 1974ರಲ್ಲಿ ಬಂತು. ಪರಿಸರವನ್ನು ಕಾಪಾಡುವುದು ಸರಕಾರದ ಮತ್ತು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂಬುದು 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ಸೇರಿತು. ಆದರೆ ಸಮಗ್ರವಾದ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ, ಭೋಪಾಲದ ನಂತರ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಂದು ಸಾವಿರಾರು ಜನರು ಸತ್ತರು. ಕಾರ್ಖಾನೆಯ ಗೋಡೆಯಾಚೆ ಗುಡಿಸಲು ಕಟ್ಟಿಕೊಂಡಿದ್ದ ಬಡವರೇ ಮೊದಲು ಸತ್ತರು. ಆ ಪ್ರಕರಣದಲ್ಲಿ ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಶಿಕ್ಷೆಯಾದದ್ದು 2010ರಲ್ಲಿ. ಸತ್ತ ಮೇಲೆ ಬರುವ ಕಾನೂನು ಸತ್ತವರಿಗೆ ಯಾವ ಪ್ರಯೋಜನಕ್ಕೆ? ಕಾನೂನನ್ನು ಮೊದಲೇ ಕೇಳುವವರು ಬೇಕು ಎನ್ನುವುದು ಇದಕ್ಕಾಗಿಯೇ.

ಒಮ್ಮೆ ಕೇಳಿ ಪಡೆದರೆ ಸಾಲದು, ಕಾಯುತ್ತಲೂ ಇರಬೇಕು. 1986ರ ಕಾಯ್ದೆಯಲ್ಲಿ ಉಲ್ಲಂಘನೆಗೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡವಿತ್ತು. 2023ರ ಜನ ವಿಶ್ವಾಸ ಕಾಯ್ದೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ಇಟ್ಟಿತು. ದಂಡ ಕಟ್ಟದಿದ್ದರೆ ಮಾತ್ರ ಜೈಲಿನ ಮಾತು. ಮೊಕದ್ದಮೆಗಳು ವರ್ಷಗಟ್ಟಲೆ ಕೊಳೆಯುವುದಕ್ಕಿಂತ ಬೇಗನೆ ದಂಡ ಹಾಕುವುದು ಮೇಲೆಂದು ಇದನ್ನು ಸಮರ್ಥಿಸುವವರು ಹೇಳುತ್ತಾರೆ. ಅದನ್ನು ಹಗುರವಾಗಿ ತಳ್ಳಿಹಾಕಬೇಕಿಲ್ಲ. ಆದರೆ ಕೋಟಿಗಟ್ಟಲೆ ಲಾಭವಿರುವವನಿಗೆ 15 ಲಕ್ಷ ಶಿಕ್ಷೆಯಲ್ಲ, ಖರ್ಚಿನ ಪುಸ್ತಕದ ಒಂದು ಸಾಲು. ಸಣ್ಣ ಕಾರ್ಖಾನೆಯವನಿಗೆ ಅದೇ ಮೊತ್ತ ಬಾಗಿಲು ಮುಚ್ಚಿಸುತ್ತದೆ. ನ್ಯಾಯದ ತಕ್ಕಡಿ ಹೀಗಿರಬಹುದೇ ಎಂದು ಕೇಳುವುದು ಪ್ರಜೆಯ ಹಕ್ಕು.

ಕೇಳಿದರೆ ಯಾರು ಕೇಳಿಸಿಕೊಳ್ಳುತ್ತಾರೆ ಎನ್ನುತ್ತೀರಾ? 2020ರಲ್ಲಿ ಕೇಂದ್ರ ಸರಕಾರವು ದೊಡ್ಡ ಯೋಜನೆಗಳ ಪರಿಸರ ಪರಿಣಾಮ ಅಧ್ಯಯನದ ನಿಯಮಗಳನ್ನು ಬದಲಿಸಲು ಒಂದು ಕರಡನ್ನು ಹೊರಡಿಸಿತು. ಅನುಮತಿಯಿಲ್ಲದೆ ಶುರುವಾದ ಯೋಜನೆಗೆ ಆಮೇಲೆ ಅನುಮತಿ ಕೊಡುವ ದಾರಿ ಅದರಲ್ಲಿತ್ತು. ಸಾರ್ವಜನಿಕ ವಿಚಾರಣೆಯಲ್ಲಿ ಜನರು ಉತ್ತರಿಸಲು ಇದ್ದ 30 ದಿನಗಳನ್ನು 20ಕ್ಕೆ ಇಳಿಸುವ ಮಾತಿತ್ತು. ಜನರ ಅಭಿಪ್ರಾಯ ಕೇಳಿದ್ದರು, ಆದರೆ ಕನ್ನಡದಲ್ಲಿ ಅಲ್ಲ. ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. ಕನ್ನಡದಲ್ಲಿ ಸಾಕಷ್ಟು ಪ್ರಚಾರ ಕೊಟ್ಟಿಲ್ಲವೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟು 2020ರ ಆಗಸ್ಟ್ 5ರಂದು ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ನೀಡಿತು. ದೇಶದ ನಾನಾ ಕಡೆಗಳಿಂದ ಲಕ್ಷಗಟ್ಟಲೆ ಆಕ್ಷೇಪಗಳು ಹೋದವು. ಅರ್ಥವಾಗದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಶೂರಾ ಅಲ್ಲ. ಅದನ್ನು ಹೇಳಲು ಯಾರಾದರೂ ಎದ್ದು ನಿಂತರೆ ಕೇಳುವ ಕಿವಿಗಳು ಇನ್ನೂ ಇವೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣವಾದುದು. "ಕಾನೂನು ಬಿಗಿಯಾದರೆ ಕಾರ್ಖಾನೆ ಮುಚ್ಚುತ್ತದೆ. ಅಲ್ಲಿ ದುಡಿಯುವ ನಮ್ಮ ಹುಡುಗರ ಗತಿಯೇನು?" ಈ ಪ್ರಶ್ನೆಯನ್ನು ಹೊಟ್ಟೆ ತುಂಬಿದವರು ಅಲಕ್ಷಿಸಬಾರದು. ತಿಂಗಳ ಸಂಬಳದಲ್ಲಿ ಮನೆ ನಡೆಸುವವನಿಗೆ ನದಿ ಮಾತ್ರ ತೋರಿಸಿ ಉಪದೇಶ ಮಾಡುವುದು ನ್ಯಾಯವಲ್ಲ. ಆದುದರಿಂದ ಕಾನೂನನ್ನು ಕೇಳುವವರು ಅದರೊಂದಿಗೇ ಕಾರ್ಮಿಕನಿಗೆ ಪರಿಹಾರವನ್ನೂ, ಸಣ್ಣ ಕೈಗಾರಿಕೆಗೆ ಶುದ್ಧೀಕರಣ ಘಟಕ ಕಟ್ಟಲು ಸಹಾಯವನ್ನೂ, ಕಾಲಾವಕಾಶವನ್ನೂ ಕೇಳಬೇಕು. ಆದರೆ ಒಬ್ಬನ ಅನ್ನಕ್ಕಾಗಿ ಇನ್ನೊಬ್ಬನ ಬಾವಿಗೆ ವಿಷ ಹಾಕಲು ಅನುಮತಿಯಿಲ್ಲ. ಹಡಗಿನ ಕೆಳಗಿನ ಅಂತಸ್ತಿನವರು ನೀರಿಗಾಗಿ ತಮ್ಮ ಪಾಲಿನಲ್ಲಿ ತೂತು ಕೊರೆಯಹೊರಟ ದೃಷ್ಟಾಂತವನ್ನು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಅವರ ಅಗತ್ಯ ನಿಜವಾದುದೇ ಆಗಿತ್ತು. ಆದರೂ ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ. ಆದರೆ ತಡೆಯುವವರ ಮೇಲೆ ಕೆಳಗಿನವರಿಗೆ ನೀರು ಮುಟ್ಟಿಸುವ ಹೊಣೆಯೂ ಬೀಳುವುದಿಲ್ಲವೇ?

ಈ ಕೆಲಸಕ್ಕೆ ಇಳಿಯುವವರು ಅದರ ಶಿಷ್ಟಾಚಾರವನ್ನೂ ತಿಳಿದಿರಬೇಕು. ಪರೀಕ್ಷಿಸದ ಸುದ್ದಿಯನ್ನು ಹಬ್ಬಿಸಬಾರದು. ಎದುರು ಪಕ್ಷದವನೆಂಬ ಕಾರಣಕ್ಕೆ ಒಬ್ಬನ ಮೇಲೆ ಆರೋಪ ಹೊರಿಸಿ, ನಮ್ಮವನೆಂದು ಇನ್ನೊಬ್ಬನನ್ನು ಬಿಡಬಾರದು. ಮತ ಕೇಳಲು ಬರುವವರಲ್ಲಿ ಮಸೀದಿಯ ಕಾಂಪೌಂಡಿಗೆ ಹಣ ಕೇಳುವ ನಾವು, ಊರಿನ ಹೊಳೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳಬಾರದೇ? ಆ ಹೊಳೆಯ ನೀರನ್ನು ಕುಡಿಯುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಮಾತು ಬಾರದ ಜಾನುವಾರುಗಳೂ ಇವೆ.

ಮುಂದಿನ ಸಲ ವುಝೂ ಮಾಡುವಾಗ ನಳ್ಳಿಯನ್ನು ಖಂಡಿತ ಸಣ್ಣದು ಮಾಡಿ. ಆದರೆ ಆ ನೀರು ಎಲ್ಲಿಂದ ಬಂತು, ಅದನ್ನು ಯಾವ ಕಾನೂನು ಕಾಯುತ್ತಿದೆ ಎಂದೂ ವಿಚಾರಿಸಿ. ನಮಗೆ ಸಿಕ್ಕಿದ ಅನುಗ್ರಹಗಳ ಬಗ್ಗೆ ನಾಳೆ ನಮ್ಮನ್ನು ಪ್ರಶ್ನಿಸಲಾಗುವುದು. ಆ ದಿನ, ಶುದ್ಧ ನೀರು ಕುಡಿದೆ ಎಂದರೆ ಸಾಲದು; ನಂತರ ಬರುವವರಿಗೆ ಅದನ್ನು ಉಳಿಸಲು ಏನು ಮಾಡಿದೆ ಎಂಬುದಕ್ಕೂ ಉತ್ತರ ಬೇಕಾದೀತು.