ಬಂದವನು, ಹೋಗದೆ ಉಳಿದವನು

ಹೈಸ್ಕೂಲಿನ ದಿನಗಳನ್ನು ನೆನೆದರೆ ಕೆಲವರಿಗೆ ಗೆಳೆಯರ ಗುಂಪು ಕಣ್ಣಿಗೆ ಕಟ್ಟುತ್ತದೆ. ಇನ್ನು ಕೆಲವರಿಗೆ ನೆನಪಾಗುವುದು ಆ ಗುಂಪಿಗೂ ತಮಗೂ ನಡುವೆ ಇದ್ದ ದೂರ. ವಯಸ್ಸು ನಲವತ್ತು ದಾಟಿದರೂ ಅವರು ಆ ದೂರಕ್ಕೆ ಕಾರಣವನ್ನು ತಮ್ಮೊಳಗೇ ಹುಡುಕುತ್ತಿರುತ್ತಾರೆ. ನನಗೆ ಮಾತು ಕಡಿಮೆ, ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆಟದಲ್ಲಿ ನಾನು ಹಿಂದೆ, ನಮ್ಮದು ಹಳ್ಳಿ. ಹೊರಗಿನವರಾಗಿರುವುದು ಮೈಬಣ್ಣ, ಎತ್ತರಗಳ ಹಾಗೆ ಒಬ್ಬರಿಗೆ ಅಂಟಿಕೊಂಡು ಬಂದ ಗುಣ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ತಪ್ಪು ಎಂದು ತೋರಿಸಿಕೊಟ್ಟ ಒಂದು ವಿಚಾರಧಾರೆ ನೂರು ವರ್ಷಗಳಿಂದ ಬೆಳೆದು ಬಂದಿದೆ. ಅದರ ಪ್ರಕಾರ ಹೊರಗಿನವನು ಎಂಬುದು ಒಂದು ಸಂಬಂಧದ ಹೆಸರು. ಒಬ್ಬನೇ ಇದ್ದಾಗ ಯಾರೂ ಹೊರಗಿನವರಲ್ಲ. ಹಾಗೆ ಆಗಬೇಕಾದರೆ ಒಂದು ಗುಂಪು ಬೇಕು, ಆ ಗುಂಪಿನ ಜೊತೆಗೇ ಇರಬೇಕಾದ ಪ್ರಸಂಗ ಬೇಕು.

ಈ ವಿಚಾರವನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವನು ಬರ್ಲಿನ್‌ನ ಚಿಂತಕ ಗೆಯೋರ್ಗ್ ಜಿಮ್ಮೆಲ್. 1908ರಲ್ಲಿ ಹೊರಬಂದ ಅವನ ಸಮಾಜಶಾಸ್ತ್ರದ ದೊಡ್ಡ ಗ್ರಂಥದ ಒಳಗೆ ಹೊರಗಿನವನ ಬಗ್ಗೆ ಕೆಲವೇ ಪುಟಗಳ ಒಂದು ಟಿಪ್ಪಣಿ ಇದೆ. ಇಂದು ಬಂದು ನಾಳೆ ಹೋಗುವ ದಾರಿಹೋಕ ಅಲ್ಲಿಯ ವಿಷಯವಲ್ಲ. ಇಂದು ಬಂದು ನಾಳೆಯೂ ಉಳಿಯುವವನು ವಿಷಯ. ಅವನು ಗುಂಪಿನ ನಡುವೆಯೇ ಇದ್ದಾನೆ, ಆದರೆ ಮೊದಲಿನಿಂದ ಇದ್ದವನಲ್ಲ. ಹತ್ತಿರವೂ ದೂರವೂ ಒಬ್ಬನಲ್ಲೇ ಸೇರಿಕೊಂಡ ಸ್ಥಿತಿ ಅದು. ಊರೂರು ಸುತ್ತಿ ಕೊನೆಗೆ ಒಂದು ಕಡೆ ನೆಲೆನಿಂತ ವ್ಯಾಪಾರಿಯನ್ನು ಜಿಮ್ಮೆಲ್ ಉದಾಹರಿಸುತ್ತಾನೆ. ಊರಿನ ಜಮೀನೆಲ್ಲ ಆಗಲೇ ಹಂಚಿಹೋಗಿದೆ, ಅವನಿಗೆ ಉಳಿದಿರುವುದು ವ್ಯಾಪಾರ ಮಾತ್ರ. ಅವನು ಊರಿಗೆ ಬೇಕು, ಆದರೆ ಊರಿನವನಲ್ಲ.

ಇದನ್ನು ಬರೆದವನ ಬದುಕೂ ಹಾಗೇ ಇತ್ತು. 1858ರಲ್ಲಿ ಹುಟ್ಟಿದ ಜಿಮ್ಮೆಲ್ ಯಹೂದಿ ಮೂಲದ, ಕ್ರೈಸ್ತಮತಕ್ಕೆ ಸೇರಿದ ಕುಟುಂಬದವನು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅವನ ಉಪನ್ಯಾಸಗಳಿಗೆ ಜನ ಕಿಕ್ಕಿರಿದು ಸೇರುತ್ತಿದ್ದರು. ಆದರೂ ಪೂರ್ಣ ಪ್ರಾಧ್ಯಾಪಕನ ಹುದ್ದೆ ಸಿಕ್ಕಿದ್ದು 1914ರಲ್ಲಿ, ಐವತ್ತಾರನೇ ವಯಸ್ಸಿನಲ್ಲಿ, ಅದೂ ಬರ್ಲಿನ್‌ನಿಂದ ದೂರದ ಸ್ಟ್ರಾಸ್‌ಬರ್ಗ್‌ನಲ್ಲಿ.

ಜಿಮ್ಮೆಲ್ ಕೊಟ್ಟ ವಿವರಣೆಗೆ ಹೈಸ್ಕೂಲಿಗಿಂತ ಒಪ್ಪುವ ಜಾಗ ಸಿಗುವುದು ಕಷ್ಟ. ನಮ್ಮಲ್ಲಿ ಎಂಟನೇ ತರಗತಿ ಎಂದರೆ ಎಷ್ಟೋ ಮಕ್ಕಳಿಗೆ ಶಾಲೆ ಬದಲಾಗುವ ಕಾಲ. ಊರಿನ ಹಿರಿಯ ಪ್ರಾಥಮಿಕ ಶಾಲೆ ಮುಗಿದು ಹೋಬಳಿಯ ಅಥವಾ ತಾಲ್ಲೂಕಿನ ಹೈಸ್ಕೂಲು ಶುರುವಾಗುತ್ತದೆ. ಕೆಲವರು ಬಸ್ ಪಾಸ್ ಹಿಡಿದು ಬರುತ್ತಾರೆ, ಕೆಲವರು ಹಾಸ್ಟೆಲ್ ಸೇರುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅದೇ ಕೋಣೆ, ಅದೇ ಮುಖಗಳು. ಇಷ್ಟವಿಲ್ಲವೆಂದು ಎದ್ದುಹೋಗುವ ಹಾಗಿಲ್ಲ. ದೊಡ್ಡವರಾದ ಮೇಲೆ ಬೇಸರದ ಕೂಟದಿಂದ ನಾವು ಮೆಲ್ಲನೆ ಜಾರಿಕೊಳ್ಳಬಹುದು. ಹದಿಮೂರರ ಮಕ್ಕಳಿಗೆ ಆ ಅವಕಾಶವಿಲ್ಲ.

ನಾನು ಎಂಟನೇ ಇಯತ್ತೆಗೆ ಧಾರವಾಡದ ಕಡೆಯಿಂದ ಮೈಸೂರಿಗೆ ಬಂದವನು. ತಂದೆಗೆ ವರ್ಗವಾಗಿತ್ತು. ಮೊದಲ ದಿನ ಹಾಜರಿ ಕೂಗಿದಾಗ ಎದ್ದುನಿಂತು ‘ಹಾಜರ್ರೀ ಸರ’ ಅಂದೆ. ತರಗತಿ ಗೊಳ್ಳೆಂದು ನಕ್ಕಿತು. ಎರಡೂ ಕಡೆ ಕನ್ನಡವೇ. ನನ್ನ ಮಾತು ಅವರಿಗೆ ಅರ್ಥವಾಗದೆ ಇರಲಿಲ್ಲ, ಅವರ ನಗೆ ನನಗೂ ಅರ್ಥವಾಯಿತು. ಮರುದಿನದಿಂದ ‘ಪ್ರೆಸೆಂಟ್ ಸಾರ್’ ಅನ್ನುವುದನ್ನು ಕಲಿತೆ. ಮನೆಯಲ್ಲಿ ‘ಸಾಲಿ’, ಹೊರಗೆ ‘ಸ್ಕೂಲು’. ನೋಟ್ ಬುಕ್ಕನ್ನು ‘ವಹಿ’ ಅನ್ನುವ ಮುಂಚೆ ನಾಲಗೆ ಕಚ್ಚಿಕೊಳ್ಳುವ ಅಭ್ಯಾಸವಾಯಿತು.

ಅದೇ ತರಗತಿಯಲ್ಲಿ ಎಲ್ಲರೂ ಹಿಂಬಾಲಿಸುವ ಒಬ್ಬ ಹುಡುಗನಿದ್ದ. ಅವನು ನಕ್ಕರೆ ತರಗತಿ ನಗುತ್ತಿತ್ತು. ಒಂದು ಸಂಜೆ ಸೈಕಲ್ ತಳ್ಳಿಕೊಂಡು ನನ್ನ ಜೊತೆ ನಡೆಯುತ್ತ, ಅಪ್ಪನ ಅಂಗಡಿ ಮುಚ್ಚಿಹೋಗಿದೆ, ಫೀಸು ಕಟ್ಟಿಲ್ಲ, ಮನೆಯಲ್ಲಿ ದಿನವೂ ಜಗಳ ಎಂದು ಹೇಳಿದ. ಅವನ ಜೀವದ ಗೆಳೆಯರಿಗೆ ಯಾರಿಗೂ ಅದು ಗೊತ್ತಿರಲಿಲ್ಲ. ನನಗೇ ಯಾಕೆ ಹೇಳಿದ ಎಂಬುದು ಆಗ ತಿಳಿಯಲಿಲ್ಲ. ಮುಂದೆ ಜಿಮ್ಮೆಲ್‌ನನ್ನು ಓದುವಾಗ ಉತ್ತರ ಸಿಕ್ಕಿತು. ಹತ್ತಿರದವರಿಗೂ ಹೇಳದೆ ಮುಚ್ಚಿಟ್ಟ ಮಾತನ್ನು ಜನ ಹೊರಗಿನವನ ಮುಂದೆ ಬಿಚ್ಚಿಡುತ್ತಾರೆ ಎಂದು ಅವನು ಬರೆಯುತ್ತಾನೆ. ಗುಂಪಿನ ಮರ್ಯಾದೆಯ ಲೆಕ್ಕದಲ್ಲಿ ನನಗೆ ಪಾಲಿರಲಿಲ್ಲ, ನನಗೆ ಹೇಳಿದ್ದು ಯಾರ ಕಿವಿಗೂ ಮುಟ್ಟುವಂತಿರಲಿಲ್ಲ. ಇದೇ ಕಾರಣಕ್ಕೆ ಒಂದು ಕಾಲದಲ್ಲಿ ಇಟಲಿಯ ನಗರಗಳು ತಮ್ಮ ನ್ಯಾಯಾಧೀಶರನ್ನು ಬೇರೆ ಊರಿನಿಂದ ಕರೆಸಿಕೊಳ್ಳುತ್ತಿದ್ದವು. ಊರಿನವನಾದರೆ ಯಾವುದೋ ಒಂದು ಮನೆತನದ ಕಡೆಯವನಾಗಿರುತ್ತಾನೆ. ಹೊರಗಿನವನಿಗೆ ಆ ಕಟ್ಟುಪಾಡಿಲ್ಲ. ದೂರವೇ ಅವನಿಗೆ ಒಂದು ಬಗೆಯ ನೋಟವನ್ನೂ ನಂಬಿಕೆಯನ್ನೂ ಗಳಿಸಿಕೊಡುತ್ತದೆ.

ಆ ನೋಟ ಹೇಗೆ ಹುಟ್ಟುತ್ತದೆ ಎಂಬುದನ್ನು ಇನ್ನಷ್ಟು ಆಳಕ್ಕಿಳಿದು ವಿವರಿಸಿದವನು ಆಲ್ಫ್ರೆಡ್ ಶುಟ್ಸ್. 1899ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವನು. ಹಗಲು ಬ್ಯಾಂಕಿನ ಕೆಲಸ, ರಾತ್ರಿ ತತ್ತ್ವಶಾಸ್ತ್ರ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಅವನು ಪ್ಯಾರಿಸ್ ಸೇರಿದ, ಮರುವರ್ಷ ನ್ಯೂಯಾರ್ಕಿಗೆ ಹೋದ. 1944ರಲ್ಲಿ ಹೊರಗಿನವನ ಮನಸ್ಸಿನ ಬಗ್ಗೆ ಅವನ ಪ್ರಬಂಧವೊಂದು ಪ್ರಕಟವಾಯಿತು. ಅದರಲ್ಲಿ ಅವನು ಅಡುಗೆಯ ಪಾಕಗಳ ಹೋಲಿಕೆ ಕೊಡುತ್ತಾನೆ. ಪ್ರತಿ ಗುಂಪಿನ ಬಳಿಯೂ ದಿನ ದೂಡುವುದಕ್ಕೆ ಬೇಕಾದ ಸಿದ್ಧ ಪಾಕಗಳಿರುತ್ತವೆ. ಹೀಗೆ ಮಾಡಿದರೆ ಹೀಗಾಗುತ್ತದೆ, ಯಾಕೆ ಎಂದು ಕೇಳಬೇಕಾಗಿಲ್ಲ. ಒಳಗಿನವರು ಅವನ್ನು ಕಲಿತದ್ದು ಯಾವಾಗ ಎಂಬುದೇ ಅವರಿಗೆ ನೆನಪಿರುವುದಿಲ್ಲ. ತಮಗೆ ಅವು ಗೊತ್ತು ಎಂಬುದೂ ಅವರಿಗೆ ಗೊತ್ತಿರುವುದಿಲ್ಲ.

ತರಗತಿಯಲ್ಲಿ ಇಂಥ ಪಾಕಗಳು ಎಷ್ಟೊಂದು! ಕಿಟಕಿಯ ಪಕ್ಕ ಯಾರು ಕೂರಬೇಕು, ನಲ್ಲಿಯ ಹತ್ತಿರ ಯಾರು ಮೊದಲು, ಯಾವ ಮೇಷ್ಟ್ರ ಪೀರಿಯಡ್ಡಿನಲ್ಲಿ ಪಿಸುಗುಟ್ಟಬಹುದು, ಯಾರ ತಮಾಷೆಗೆ ನಗಲೇಬೇಕು, ಯಾರ ಅಂಕ ಎಷ್ಟೆಂದು ಕೇಳಬಾರದು. ಯಾವ ಗೋಡೆಯ ಮೇಲೂ ಇದನ್ನು ಬರೆದು ಅಂಟಿಸಿರುವುದಿಲ್ಲ. ಹೊಸದಾಗಿ ಬಂದವನು ಒಂದೊಂದನ್ನೂ ಬಿಡಿಸಿ ನೋಡಿ ಕಲಿಯಬೇಕು. ಕೇಳಿ ತಿಳಿದುಕೊಳ್ಳೋಣ ಎಂದರೆ, ಕೇಳಿದ ಕ್ಷಣದಲ್ಲೇ ಅವನು ಹೊರಗಿನವನೆಂದು ಸಾರಿದಂತಾಗುತ್ತದೆ. ಜೊತೆಗೆ, ಗುಂಪಿನ ಕಣ್ಣಿಗೆ ಅವನು ಚರಿತ್ರೆಯೇ ಇಲ್ಲದ ಮನುಷ್ಯ ಎಂದು ಶುಟ್ಸ್ ಹೇಳುತ್ತಾನೆ. ಐದನೇ ಕ್ಲಾಸಿನ ಪ್ರವಾಸದಲ್ಲಿ ಬಸ್ಸು ಕೆಟ್ಟು ನಿಂತ ಕಥೆಗೆ ಎಲ್ಲರೂ ನಗುವಾಗ ಅವನೂ ನಗಬಹುದು, ಆದರೆ ಆ ಬಸ್ಸಿನಲ್ಲಿ ಅವನಿರಲಿಲ್ಲ. ಅವನ ಹಳೆಯ ಊರಿನ ಬಸ್ಸಿನ ಕಥೆಯನ್ನು ಇಲ್ಲಿ ಕೇಳುವವರೂ ಇಲ್ಲ.

ಇಷ್ಟೆಲ್ಲ ಕಷ್ಟದಿಂದಲೇ ಒಂದು ತಿಳಿವಳಿಕೆ ಹುಟ್ಟುತ್ತದೆ. ಎಲ್ಲರಿಗೂ ಸಹಜವೆಂದು ಕಾಣುವುದು ಮನುಷ್ಯರು ಮಾಡಿಕೊಂಡ ಏರ್ಪಾಡು ಎಂಬುದು ಹೊರಗಿನವನಿಗೆ ಕಾಣುತ್ತದೆ. ಇದಕ್ಕೆ ವಿಶೇಷ ಬುದ್ಧಿ ಬೇಕಾಗಿಲ್ಲ. ಕಲಿಯದೆ ಗತ್ಯಂತರವಿಲ್ಲದವನು ನೋಡಿಯೇ ತೀರಬೇಕು.

ಆದರೆ ನೋಡುವವನನ್ನೂ ನೋಡುವ ಕಣ್ಣುಗಳಿರುತ್ತವೆ. ಅದರ ಬೆಲೆಯನ್ನು ಕರಾರುವಾಕ್ಕಾಗಿ ಬರೆದಿಟ್ಟವನು ಅಮೆರಿಕದ ಕರಿಯ ಜನಾಂಗದ ಚಿಂತಕ ಡಬ್ಲ್ಯೂ. ಇ. ಬಿ. ಡು ಬಾಯ್ಸ್. ಅವನು 1868ರಲ್ಲಿ ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಶಾಲೆಯಲ್ಲಿದ್ದಾಗ ಹುಡುಗ ಹುಡುಗಿಯರಿಗೆಲ್ಲ ಅಂದದ ವಿಸಿಟಿಂಗ್ ಕಾರ್ಡ್ ಕೊಂಡು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಹುಚ್ಚು ಹಿಡಿಯಿತು. ಆಟ ಸೊಗಸಾಗಿಯೇ ನಡೆದಿತ್ತು. ಹೊಸದಾಗಿ ಶಾಲೆಗೆ ಸೇರಿದ್ದ ಒಬ್ಬ ಎತ್ತರದ ಹುಡುಗಿ ಮಾತ್ರ ಅವನ ಕಾರ್ಡನ್ನು ಒಂದು ನೋಟದಲ್ಲೇ ತಳ್ಳಿಹಾಕಿದಳು. ಉಳಿದವರ ಲೋಕಕ್ಕೂ ತನಗೂ ನಡುವೆ ಒಂದು ಪರದೆ ಇದೆ ಎಂಬುದು ತನಗೆ ಹೊಳೆದದ್ದು ಆಗ ಎಂದು 1903ರ ತನ್ನ ಪುಸ್ತಕದಲ್ಲಿ ಅವನು ಬರೆದ. ತನ್ನನ್ನು ತಾನು ಸದಾ ಇನ್ನೊಬ್ಬರ ಕಣ್ಣಿನಿಂದಲೇ ನೋಡಿಕೊಳ್ಳುವ, ಅವರ ಅಳತೆಗೋಲಿನಿಂದಲೇ ಅಳೆದುಕೊಳ್ಳುವ ಸ್ಥಿತಿಯನ್ನು ಅವನು ಇಬ್ಬಗೆಯ ಪ್ರಜ್ಞೆ ಎಂದು ಕರೆದ.

ಈ ಪ್ರಸಂಗದಲ್ಲಿ ಗಮನಿಸಲೇಬೇಕಾದ ಒಂದು ಅಂಶವಿದೆ. ಹೊಸದಾಗಿ ಬಂದವಳು ಆ ಹುಡುಗಿ. ಅವನು ಅದೇ ಊರಿನಲ್ಲಿ ಹುಟ್ಟಿ ಬೆಳೆದವನು. ಆದರೂ ಬಂದವಳು ಒಳಗಿನವಳಾದಳು, ಇದ್ದವನು ಹೊರಗಿನವನಾದ. ಅಂದರೆ ಯಾರು ಮೊದಲು ಬಂದರು ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಗೆರೆ ಎಳೆಯುವ ಅಧಿಕಾರ ಯಾರಿಗಿದೆ ಎಂಬುದರಿಂದ ಆಗುತ್ತದೆ.

ನಮ್ಮ ದೇಶದಲ್ಲಿ ಈ ಮಾತಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅಂಬೇಡ್ಕರ್ ಅವರ ಶಾಲಾದಿನಗಳು. ಆತ್ಮಕಥನದ ಟಿಪ್ಪಣಿಗಳಲ್ಲಿ ಅವರೇ ಬರೆದಿರುವಂತೆ, ತರಗತಿಯ ಮೂಲೆಯಲ್ಲಿ ಪ್ರತ್ಯೇಕವಾಗಿ ಹಾಸಿದ ಗೋಣಿತಾಟಿನ ಮೇಲೆ ಅವರು ಕೂರಬೇಕಿತ್ತು. ಶಾಲೆಯ ಆಳು ಅದನ್ನು ಮುಟ್ಟುತ್ತಿರಲಿಲ್ಲ, ಆದ್ದರಿಂದ ಸಂಜೆ ಮನೆಗೆ ಒಯ್ದು ಬೆಳಿಗ್ಗೆ ಮತ್ತೆ ತರಬೇಕಿತ್ತು. ಬಾಯಾರಿದರೆ ಮಿಕ್ಕ ಮಕ್ಕಳು ತಾವೇ ಹೋಗಿ ನಲ್ಲಿ ತಿರುಗಿಸುತ್ತಿದ್ದರು. ಅಂಬೇಡ್ಕರ್ ಅವರಿಗಾದರೆ ಜವಾನ ಬಂದು ತಿರುಗಿಸಬೇಕು. ಜವಾನನಿಲ್ಲದ ದಿನ ನೀರಿಲ್ಲ.

ಇದನ್ನೂ ನನ್ನ ‘ಹಾಜರ್ರೀ ಸರ’ವನ್ನೂ ಒಂದೇ ಹೆಸರಿನಿಂದ ಕರೆಯುವುದು ಅನ್ಯಾಯ. ಜಿಮ್ಮೆಲ್ ಕೂಡ ಈ ಎಚ್ಚರವನ್ನು ಹೇಳುತ್ತಾನೆ. ಗ್ರೀಕರು ತಮ್ಮವರಲ್ಲದವರನ್ನು ಬರ್ಬರರೆಂದು ಕಂಡಾಗ ಅಲ್ಲಿ ಮನುಷ್ಯರ ನಡುವಿನ ಸಾಮಾನ್ಯ ನೆಲೆಯನ್ನೇ ನಿರಾಕರಿಸಲಾಗಿತ್ತು, ಅದು ಸಂಬಂಧವೇ ಇಲ್ಲದ ಸ್ಥಿತಿ ಎನ್ನುತ್ತಾನೆ. ಎರಡನ್ನೂ ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಸಾಕು. ಏನನ್ನಾದರೂ ಕಲಿತು ಒಳಗೆ ಬರಲು ಸಾಧ್ಯವಿತ್ತೆ? ನಾನು ಎರಡು ಪದ ಬದಲಿಸಿದೆ, ನಗು ನಿಂತಿತು. ಅಂಬೇಡ್ಕರ್ ಯಾವ ಭಾಷೆ ಕಲಿತರೂ, ಎಷ್ಟು ಅಂಕ ತೆಗೆದರೂ ಆ ನಲ್ಲಿ ಅವರ ಕೈಗೆ ಸಿಗುತ್ತಿರಲಿಲ್ಲ. ಅಲ್ಲಿ ಬದಲಾಗಬೇಕಾದದ್ದು ಹುಡುಗನಲ್ಲ, ನಿಯಮ. ಮುಂದೆ ಅವರ ಅಧ್ಯಕ್ಷತೆಯ ಸಮಿತಿಯೇ ಕರಡು ಸಿದ್ಧಪಡಿಸಿದ ಸಂವಿಧಾನದ 15ನೇ ವಿಧಿ ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. ಯಾವ ನಿಯಮ ಯಾರನ್ನು ಬಾಯಾರಿಸುತ್ತದೆ ಎಂಬುದು ಮೂಲೆಯಲ್ಲಿ ಕೂತವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಈಗ ಹಿಂತಿರುಗಿ ನೋಡುವ ನಮ್ಮ ಪ್ರಶ್ನೆಗೆ ಬರೋಣ. ಹೊರಗಿನವರಾಗಿದ್ದ ನೆನಪನ್ನು ಇಟ್ಟುಕೊಳ್ಳುವುದು ಹೇಗೆ? ಅದನ್ನು ಆರದ ಗಾಯವಾಗಿ ಇಟ್ಟುಕೊಂಡವರಿದ್ದಾರೆ. ಗುಂಪಿಗೆ ಸೇರದ ನಾವೇ ಮೇಲು ಎಂದು ಪದಕದ ಹಾಗೆ ಧರಿಸಿಕೊಂಡವರೂ ಇದ್ದಾರೆ. ಇಬ್ಬರೂ ಸಂಬಂಧವೊಂದನ್ನು ಮತ್ತೆ ಗುಣವಾಗಿ ಮಾಡಿಕೊಂಡಿದ್ದಾರೆ. ಮೊದಲನೆಯವರ ಪ್ರಕಾರ ತಮ್ಮಲ್ಲಿ ಏನೋ ಕೊರತೆ, ಎರಡನೆಯವರ ಪ್ರಕಾರ ತಮ್ಮಲ್ಲಿ ಏನೋ ಹಿರಿಮೆ. ಅಂಗಡಿ ಮುಚ್ಚಿಹೋದ ಮನೆಯ ಆ ಹುಡುಗನನ್ನು ನೆನೆದರೆ ಎರಡೂ ನಿಲ್ಲುವುದಿಲ್ಲ. ಗುಂಪಿನ ನಟ್ಟನಡುವೆ ಇದ್ದವನಿಗೂ ಹೇಳಿಕೊಳ್ಳಲು ಗುಂಪಿನೊಳಗೆ ಒಬ್ಬರೂ ಇರಲಿಲ್ಲ. ಹೊರಗಿನಿಂದ ನೋಡುವಾಗ ಒಳಗಿನವರೆಲ್ಲ ನಿಶ್ಚಿಂತರೆಂದು ಕಾಣುತ್ತದೆ. ಅದು ದೂರದಿಂದ ಹುಟ್ಟುವ ಭ್ರಮೆ.

ಶುಟ್ಸ್ ತನ್ನ ಪ್ರಬಂಧದ ಕೊನೆಗೆ ಹೇಳುವ ಮಾತು ಇಲ್ಲಿ ಬಹಳ ಮುಖ್ಯ. ಹೊಸಬನಿಗೆ ಪಾಕಗಳೆಲ್ಲ ಕೈಗೆ ಹತ್ತಿ, ಅದೇ ಮನೆಯೆನಿಸಿದ ಮೇಲೆ ಅವನು ಹೊರಗಿನವನಾಗಿ ಉಳಿಯುವುದಿಲ್ಲ. ಅವನ ಕಷ್ಟ ಅಲ್ಲಿಗೆ ತೀರುತ್ತದೆ. ನನಗೆ ಅನ್ನಿಸುವುದೇನೆಂದರೆ, ಅಂದಿನಿಂದ ಅವನ ನೋಟವೂ ಮಂಕಾಗತೊಡಗುತ್ತದೆ. ಅಂದು ಹೊರಗಿದ್ದ ನಮ್ಮಲ್ಲಿ ಹೆಚ್ಚಿನವರು ಇಂದು ಎಲ್ಲೋ ಒಂದು ಕಡೆ ಒಳಗಿನವರಾಗಿದ್ದೇವೆ. ಸ್ಟಾಫ್ ರೂಮಿನಲ್ಲಿ, ಕಚೇರಿಯಲ್ಲಿ, ಅಪಾರ್ಟ್‌ಮೆಂಟ್ ಸಂಘದಲ್ಲಿ, ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಬರೆಯದ ನಿಯಮಗಳು ಈಗ ನಮ್ಮವೇ. ಮನೆಗೆಲಸದವರು ಯಾವ ಲಿಫ್ಟ್ ಹತ್ತಬೇಕು, ಹೊಸದಾಗಿ ಸೇರಿದ ಹುಡುಗಿಯ ಉಚ್ಚಾರಣೆಗೆ ಯಾರು ಮೊದಲು ನಗುತ್ತಾರೆ ಎಂಬುದನ್ನು ನಾವೇ ನಡೆಸಿಕೊಂಡು ಬರುತ್ತಿದ್ದೇವೆ, ಹಾಗೆ ನಡೆಸುತ್ತಿರುವುದು ನಮ್ಮ ಗಮನಕ್ಕೂ ಬರುವುದಿಲ್ಲ.

ಆದ್ದರಿಂದ ಹೈಸ್ಕೂಲಿನ ಆ ನೆನಪನ್ನು ಮರೆಯಬೇಕಾಗಿಲ್ಲ, ಪೂಜಿಸಬೇಕಾಗಿಯೂ ಇಲ್ಲ, ಬಳಸಬೇಕು. ನಾವಿರುವ ಗುಂಪಿನಲ್ಲಿ ಯಾರಿಗೆ ಕೇಳಿ ತಿಳಿದುಕೊಳ್ಳಲು ಸಂಕೋಚವಾಗುತ್ತಿದೆ ಎಂದು ನೋಡಿ, ಅವರು ಕೇಳುವ ಮೊದಲೇ ಹೇಳಿಕೊಡಬಹುದು. ಕಲಿತರೆ ತೆರೆದುಕೊಳ್ಳುವ ಬಾಗಿಲಿಗೆ ಅಷ್ಟು ಸಾಕು. ಏನು ಕಲಿತರೂ ತೆರೆಯದ ಬಾಗಿಲಾದರೆ ಅದನ್ನು ಹಾಗೆ ಮುಚ್ಚಿಟ್ಟಿರುವ ನಿಯಮವನ್ನು ಬದಲಿಸಬೇಕು. ಒಳಗೆ ಸೇರಿಕೊಂಡಿರುವ ನಮಗೆ ಈಗ ಆ ಅಧಿಕಾರವಿದೆ. ಒಂದು ಕಾಲದಲ್ಲಿ ಹೊರಗಿದ್ದವರು ನಾವಾದ್ದರಿಂದ, ಅದು ನಮಗೆ ಕಾಣಿಸಲಿಲ್ಲ ಎಂದು ಹೇಳುವ ಹಾಗಿಲ್ಲ.